ಆ ಹೆಸರಿಗೆ ಅಷ್ಟು ಸಾಲ ಮಾಡಬಹುದಾ?

ಬಸವೇಶ್ವರನಗರದ ಓದುಗರೊಬ್ಬರ ಪತ್ರ: "ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಐಐಎಂನಲ್ಲೇ ಎಂಬಿಎ ಮಾಡಬೇಕು ಅನ್ನುತ್ತಾಳೆ. ನನ್ನದು ದಿನಸಿ ಅಂಗಡಿ. ಅಲ್ಲಿ ಸೀಟು ಸಿಗದಿದ್ದರೆ 16 ಲಕ್ಷಕ್ಕೆ ಒಂದು ಖಾಸಗಿ ಕಾಲೇಜು ಇದೆ, ಅದೂ ಅಷ್ಟೇ ದೊಡ್ಡದು ಅಂತ ಪರಿಚಯದವರು ಹೇಳುತ್ತಾರೆ. ಮನೆ ಪತ್ರ ಅಡ ಇಡಬಹುದಾ?"

ಅಡ ಇಡಬೇಡಿ ಸರ್. ಬೇರೆ ಮಾತೆಲ್ಲ ಆಮೇಲೆ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎರಡು ವರ್ಷದ ಫೀಸು ಸುಮಾರು 25 ಲಕ್ಷ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಲ್ಲಿ ಸೀಟು ಸಿಕ್ಕ ಮಕ್ಕಳಿಗೆ ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಓದು ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ತಿಂಗಳು ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ 2024ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಡ್ಡಿ ರಿಯಾಯಿತಿಯನ್ನೂ ವಿಚಾರಿಸಿ. ಶೇ. 9ರ ಬಡ್ಡಿಯಲ್ಲಿ 25 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 31,700 ರೂಪಾಯಿ ಹತ್ತಿರ. ಅಲ್ಲಿಂದ ಹೊರಬರುವವರ ಸಂಬಳಕ್ಕೆ ಇದು ಹೊರಲಾಗದ ಭಾರವಲ್ಲ.

ಅಷ್ಟು ಸಂಬಳ ಯಾಕೆ ಸಿಗುತ್ತದೆ ಅನ್ನುವುದನ್ನು ನೋಡಿ. 2017ರ ಕಾಯ್ದೆ ಬರುವವರೆಗೆ ಐಐಎಂಗಳು ಡಿಗ್ರಿಯನ್ನೇ ಕೊಡುತ್ತಿರಲಿಲ್ಲ. ಕೊಡುತ್ತಿದ್ದದ್ದು ಡಿಪ್ಲೊಮಾ. ಆಗಲೂ ಕಂಪನಿಗಳು ಸಾಲುಗಟ್ಟಿ ಬರುತ್ತಿದ್ದವು. ಪುಸ್ತಕಗಳೂ ಎಲ್ಲ ಕಡೆ ಹೆಚ್ಚುಕಡಿಮೆ ಅವೇ. ಬೆಲೆ ಇರುವುದು ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಂಥ ಜರಡಿ ದಾಟಿ ಬಂದ ಸಹಪಾಠಿಗಳಿಗೆ, ಅವರನ್ನು ಹುಡುಕಿಕೊಂಡು ಬರುವ ಕಂಪನಿಗಳಿಗೆ. ದುಡ್ಡು ಕಟ್ಟಿದವರಿಗೆಲ್ಲ ಸೀಟು ಕೊಡುವ ಕಾಲೇಜು ಎಷ್ಟೇ ಗಾಜಿನ ಕಟ್ಟಡ ಕಟ್ಟಿದರೂ ಇವೆರಡನ್ನು ಕೊಡಲಾರದು. ನನಗೆ ಸಿಟ್ಟು ಬರುವುದು ಇಲ್ಲೇ. ಜಾಹೀರಾತಿನಲ್ಲಿ ಒಬ್ಬ ಹುಡುಗನ ಅತಿ ಹೆಚ್ಚಿನ ಪ್ಯಾಕೇಜನ್ನು ದಪ್ಪ ಅಕ್ಷರದಲ್ಲಿ ಹಾಕಿ, ನಿಮ್ಮಂಥವರ ಜೀವಮಾನದ ಉಳಿತಾಯಕ್ಕೆ ಕೈ ಹಾಕುತ್ತಾರೆ. ಆ ಕಾಲೇಜಿಗೆ ಹೋಗಿ ಕೇಳಿ: ಸಂಬಳದ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು? ಎಷ್ಟು ಜನಕ್ಕೆ ಕೆಲಸವೇ ಸಿಗಲಿಲ್ಲ? ಲಿಖಿತವಾಗಿ ಕೊಡದಿದ್ದರೆ ಎದ್ದು ಬನ್ನಿ.

ಇನ್ನು ಕನ್ನಡ ಮೀಡಿಯಂ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು, ಆದರೆ ಮಗಳಿಗೆ ಜಾಸ್ತಿ ಭಯ ಇರುವುದು ಅದರದ್ದೇ ಅನ್ನಿಸುತ್ತದೆ. ಭಯಕ್ಕೆ ಕಾರಣವೂ ಇದೆ. ಇಂಥ ಕಡೆ ಎಷ್ಟೋ ಪಾಠ ನಡೆಯುವುದು ಕೇಸ್ ಚರ್ಚೆಯಲ್ಲಿ. ಒಂದು ಕಂಪನಿಯ ಕಷ್ಟವನ್ನು ಹಲವು ಪುಟಗಳಲ್ಲಿ ಬರೆದು ಕೊಡುತ್ತಾರೆ. ಓದಿಕೊಂಡು ಬಂದು ತರಗತಿಯಲ್ಲಿ ವಾದ ಮಾಡಬೇಕು. ಬಾಯಿ ಬಿಟ್ಟು ಮಾತಾಡಿದ್ದಕ್ಕೂ ಅಂಕ, ಅದನ್ನು ಸಿ.ಪಿ. (ಕ್ಲಾಸ್ ಪಾರ್ಟಿಸಿಪೇಶನ್) ಅನ್ನುತ್ತಾರೆ. ತಲೆಯಲ್ಲಿ ಉತ್ತರ ಇದ್ದೂ ಇಂಗ್ಲಿಷ್ ವಾಕ್ಯ ಕೂಡಿಸುವಷ್ಟರಲ್ಲಿ ಇನ್ನೊಬ್ಬರು ಹೇಳಿಬಿಟ್ಟಿರುತ್ತಾರೆ. ಆದರೆ ಯಾರಿಗೆ ಉದ್ದರಿ ಕೊಡಬೇಕು, ಹಬ್ಬಕ್ಕೆ ಎಷ್ಟು ಸ್ಟಾಕ್ ತರಿಸಬೇಕು, ಪಕ್ಕದಲ್ಲಿ ಸೂಪರ್‌ಮಾರ್ಕೆಟ್ ಬಂದಾಗ ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳಬೇಕು, ಇದನ್ನೆಲ್ಲ ಅವಳು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ನೋಡಿದ್ದಾಳಲ್ವಾ? ಆ ತರಗತಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಇಂದಿನಿಂದಲೇ ದಿನಾ ಒಂದು ವ್ಯಾಪಾರದ ಸುದ್ದಿ ಓದಿ, ಅದರ ಬಗ್ಗೆ ಗೆಳತಿಯರ ಜೊತೆ ಇಂಗ್ಲಿಷಿನಲ್ಲೇ ಮಾತಾಡಲಿ. ತಪ್ಪಾದರೆ ಆಗಲಿ.

ಮೊದಲ ಸಲಕ್ಕೇ ಸೀಟು ಸಿಗದಿರಬಹುದು. ಆಗ ಎರಡು ವರ್ಷ ಕೆಲಸಕ್ಕೆ ಸೇರಲಿ. ಬೆಂಗಳೂರು ಐಐಎಂ ಆಯ್ಕೆಯಲ್ಲಿ ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಹಿಂದಿನ ತರಗತಿಗಳ ಅಂಕಕ್ಕೂ ಕೆಲಸದ ಅನುಭವಕ್ಕೂ ತೂಕ ಕೊಡುತ್ತದೆ. ಕಾಯಲು ಇಷ್ಟವಿಲ್ಲ ಅಂದರೆ ಎಂಬಿಎಗೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆಯಲಿ. ವಿಶ್ವವಿದ್ಯಾಲಯದ ಎಂಬಿಎಗೆ ಆಗುವ ಖರ್ಚು ಈ 16 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಓದಿ, ಕೆಲಸದಲ್ಲಿ ಮೇಲೆ ಬರಬಹುದು. ನಡುವಿನ ಕಾಲೇಜಿಗೆ ದೊಡ್ಡ ಬೆಲೆ ಕೊಡುವ ದಾರಿಯೊಂದನ್ನು ಮಾತ್ರ ಬಿಟ್ಟುಬಿಡಿ.

ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ನವೆಂಬರ್ ಕೊನೆಗೆ. ಹಾಕಿಸಿ. ಫಲಿತಾಂಶ ಬಂದ ಮೇಲೆ ಮಗಳೇ ನಮಗೊಂದು ಪತ್ರ ಬರೆಯಲಿ. ಸಂದರ್ಶನಕ್ಕೆ ಕರೆ ಬಂದರೆ, ತಯಾರಿಯ ಬಗ್ಗೆ ಅವಳು ಕೇಳುವ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಕೊಡುತ್ತೇವೆ.

— ಸಂಪಾದಕ