ರೂನ್‌ಸ್ಕೇಪ್: ಮೊದಲು ಯಾವ ಕೆಲಸ?

ಪ್ರಶ್ನೆ: ಮೊಬೈಲಿನಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಶುರು ಮಾಡಿದ್ದೇನೆ, ರೊಕ್ಕ ಕಟ್ಟಿಲ್ಲ. ಆರಂಭದ ಊರಾದ ಲಂಬ್ರಿಜ್‌ಗೆ ಬಂದ ಮೇಲೆ ದಿಕ್ಕು ತೋಚುತ್ತಿಲ್ಲ. ಮಾರುಕಟ್ಟೆಯಲ್ಲಿ ಕೆಲವು ಸಾಮಾನು ಮಾರಲೂ ಬಿಡುತ್ತಿಲ್ಲ, ಯಾಕೆ?
– ಓದುಗರೊಬ್ಬರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಖಾತೆ ಕೆಟ್ಟಿಲ್ಲ. ಉಚಿತ ಖಾತೆಗೆ 20 ಗಂಟೆ ಆಟ, 10 ಕ್ವೆಸ್ಟ್ ಪಾಯಿಂಟ್ (ಆಟದ ಪಾತ್ರಗಳು ಒಪ್ಪಿಸುವ ಕೆಲಸ, ಅಂದರೆ ಕ್ವೆಸ್ಟ್, ಮುಗಿಸಿದರೆ ಸಿಗುವ ಅಂಕ), ಎಲ್ಲ ಕೌಶಲಗಳದ್ದು ಸೇರಿ ಒಟ್ಟು 100 ಲೆವೆಲ್, ಈ ಮೂರೂ ಆಗುವವರೆಗೆ ಆ ನಿರ್ಬಂಧ ಇದ್ದೇ ಇರುತ್ತದೆ. ಹಾಗಾಗಿ ಕೋಳಿ ಹೊಡೆಯುತ್ತ ಕೂರಬೇಡಿ, ಕ್ವೆಸ್ಟ್ ಹಿಡಿಯಿರಿ. ಮೊದಲು ಕೋಟೆಯ ಅಡುಗೆಯವನದು: ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ತಂದುಕೊಡಬೇಕು. ಹೊಸಬರು ತಡವರಿಸುವುದು ಹಿಟ್ಟಿನಲ್ಲೇ. ಗೋಧಿಯನ್ನು ಗಿರಣಿಯ ಮೇಲಂತಸ್ತಿಗೆ ಒಯ್ದು ಹಾಪರಿಗೆ ಸುರಿಯಿರಿ, ಪಕ್ಕದ ಲಿವರ್ ಎಳೆಯಿರಿ, ಆಮೇಲೆ ಕೆಳಗಿಳಿದು ಖಾಲಿ ಮಡಕೆಗೆ ತುಂಬಿಕೊಳ್ಳಿ. ಲಿವರ್ ಮರೆತರೆ ಹಿಟ್ಟು ಕೆಳಗೆ ಬೀಳುವುದೇ ಇಲ್ಲ. ಚೀಲದಲ್ಲಿ 28 ಜಾಗ ಮಾತ್ರ, ಉಳಿದದ್ದನ್ನು ಬ್ಯಾಂಕಿನಲ್ಲಿಡಿ. ‘ನಾಣ್ಯ ದುಪ್ಪಟ್ಟು ಮಾಡಿಕೊಡುತ್ತೇನೆ’ ಎನ್ನುವವರಿಗೆ ಒಂದು ನಾಣ್ಯವನ್ನೂ ಕೊಡಬೇಡಿ, ಅದು ಶುದ್ಧ ಮೋಸ.