ವಿಎಫ್‌ಎಕ್ಸ್ ಕಾಲೇಜು ನೋಡಲು ಹೋದಾಗ ‘ಈ ಶಾಟ್ ತೆಗೆದವರು ಯಾರು?’ ಅಂತ ಕೇಳಿ

ನಿಮ್ಮ ಪ್ರಶ್ನೆ ಚಿಕ್ಕದಾಗಿ ಹೇಳಿದರೆ ಇಷ್ಟು. ಊರು ಶಹಾಪುರ, ಈ ವರ್ಷ ಸೈನ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿದಿದೆ, ವಿಎಫ್‌ಎಕ್ಸ್, ಅಂದರೆ ಕ್ಯಾಮೆರಾದಲ್ಲಿ ತೆಗೆದ ದೃಶ್ಯಕ್ಕೆ ಅಲ್ಲಿ ಇಲ್ಲದ್ದನ್ನು ಕಂಪ್ಯೂಟರಿನಲ್ಲಿ ಸೇರಿಸುವ ಕೆಲಸ, ಕಲಿಯಬೇಕು ಅಂತ ಆಸೆ. ಬೆಂಗಳೂರಿನ ಒಂದು ಅಕಾಡೆಮಿ ಮೂರು ವರ್ಷದ ಬಿ.ಎಸ್ಸಿ. ಕೊಡ್ತೀವಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಿದೆ. ಅಪ್ಪ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಸೇರು ಅಂತಾರೆ. ಮಾವ ಹೈದರಾಬಾದ್ ಕಡೆ ತೋರಿಸ್ತಾರೆ. ಚಿತ್ರಕಲೆ ಮೇಷ್ಟ್ರು ಬಿವಿಎ ಮಾಡು ಅಂದಿದ್ದಾರೆ. ಇದರಲ್ಲಿ ಯಾವುದು ಅಂತ ನಿಮ್ಮ ಪ್ರಶ್ನೆ.

ನಾನು ಕಲಬುರಗಿಯವನು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕಂಪೋಸಿಟರ್ ಕೆಲಸ, ಅಂದರೆ ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯದ ಹಾಗೆ ಬೆರೆಸೋದು. ಹೊಸಬರನ್ನು ತೆಗೆದುಕೊಳ್ಳುವಾಗ ಅವರು ಕಳಿಸಿದ ಶೋರೀಲ್ (ತಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ ವಿಡಿಯೋ) ನೋಡುವ ಜವಾಬ್ದಾರಿಯೂ ನನ್ನ ಮೇಲಿದೆ. ಹಾಗಾಗಿ ಕಾಲೇಜಿನ ಕಟ್ಟಡ, ಬ್ರೋಷರ್, ಎಸಿ ಲ್ಯಾಬ್ ಯಾವುದೂ ನನಗೆ ಕಾಣೋದಿಲ್ಲ. ಅಲ್ಲಿಂದ ಹೊರಬಂದವರ ಒಂದೂವರೆ ನಿಮಿಷದ ರೀಲ್ ಮಾತ್ರ ಕಾಣುತ್ತೆ.

ಆ ರೀಲ್‌ಗಳ ಕಥೆ ಕೇಳಿ. ಒಂದೇ ಬ್ಯಾಚಿನ ಮಕ್ಕಳು ಕಳಿಸಿದ್ದರಲ್ಲಿ ಎಲ್ಲದರಲ್ಲೂ ಅದೇ ಹೈವೇ, ಅದೇ ಕಾರು, ಅದೇ ಬೆಂಕಿ ಇರುತ್ತೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಫುಟೇಜ್ ಇಳಿಸಿಕೊಂಡು, ಮೇಷ್ಟ್ರು ಹೇಳಿದ ಗುಂಡಿ ಒತ್ತುತ್ತಾ ಹೋಗಿರ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ಆದರೆ ಮಾಡಿದವನಿಗೆ ಏನು ಬರುತ್ತೆ ಅಂತ ಅದರಿಂದ ಗೊತ್ತಾಗಲ್ಲ. ಅದರ ನಡುವೆ ಯಾರೋ ಒಬ್ಬರು ತಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ತಾವೇ ತೆಗೆದ ಶಾಟ್ ಕಳಿಸಿರ್ತಾರೆ. ಕೈ ಅಲುಗಾಡಿದೆ, ಒಂದು ಮೂಲೆಯಲ್ಲಿ ಬಿಸಿಲು ಜಾಸ್ತಿಯಾಗಿ ಬೆಳ್ಳಗೆ ಹೊಡೆದಿದೆ. ಅದರೊಳಗೆ ಅಲ್ಲಿ ಇಲ್ಲದ ಒಂದು ಆಟೋ ತಂದು ನಿಲ್ಲಿಸಿದ್ದಾರೆ. ಆಟೋದ ನೆರಳೂ ಪಕ್ಕದ ಕಂಬದ ನೆರಳೂ ಒಂದೇ ದಿಕ್ಕಿಗೆ ಬಿದ್ದಿವೆ. ಇಂಟರ್‌ವ್ಯೂಗೆ ಕರೆಯೋದು ಅವರನ್ನ.

ಆದ್ದರಿಂದ ಯಾವ ಕಾಲೇಜಿಗೆ ಹೋದರೂ ಕೊನೇ ವರ್ಷದ ಮಕ್ಕಳ ಕೆಲಸ ತೋರಿಸಿ ಅನ್ನಿ. ರಿಸೆಪ್ಷನ್‌ನ ಟಿವಿಯಲ್ಲಿ ಓಡುವ ವಿಡಿಯೋ ಬೇಡ. ಅದರಲ್ಲಿ ಯಾರೋ ಮಾಡಿದ ದೊಡ್ಡ ಸಿನಿಮಾದ ತುಣುಕು ಇರುತ್ತೆ. ಮಕ್ಕಳ ಕೆಲಸವನ್ನೇ ಕೇಳಿ. ತೋರಿಸಿದರೆ, ಈ ಶಾಟ್ ತೆಗೆದವರು ಯಾರು ಅಂತ ಕೇಳಿ. ನಮ್ಮಲ್ಲಿ ಅದಕ್ಕೆ ಪ್ಲೇಟ್ ಅಂತಾರೆ, ಅಂದರೆ ಕ್ಯಾಮೆರಾದಿಂದ ಬಂದ ಮೂಲ ದೃಶ್ಯ. ಪ್ಲೇಟನ್ನು ಮಕ್ಕಳೇ ತೆಗೆಯುವ ಕಾಲೇಜಿನಲ್ಲಿ ಒಂದು ಕ್ಯಾಮೆರಾ, ಹಸಿರು ಬಟ್ಟೆ, ಒಂದು ಬೂದು ಬಣ್ಣದ ಚೆಂಡು, ಒಂದು ಹೊಳೆಯುವ ಕ್ರೋಮ್ ಚೆಂಡು ಖಂಡಿತ ಇರುತ್ತೆ. ಬೆಳಕು ಎಲ್ಲಿಂದ ಬಂತು, ಎಷ್ಟು ಗಡುಸು ಅಂತ ಬೂದು ಚೆಂಡು ಹೇಳುತ್ತೆ. ಸುತ್ತ ಏನೇನಿದೆ ಅಂತ ಕ್ರೋಮ್ ಚೆಂಡಿನಲ್ಲಿ ಕಾಣುತ್ತೆ. ಲೆನ್ಸ್ ಎಷ್ಟು ಮಿಲಿಮೀಟರ್, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಅಂತ ಬರೆದುಕೊಳ್ಳುವ ಅಭ್ಯಾಸವೂ ಆಗಿರುತ್ತೆ. ಈ ಚೆಂಡುಗಳ ಸುದ್ದಿಯೇ ಗೊತ್ತಿಲ್ಲದ ಕಡೆ ನಿಮಗೆ ಸಾಫ್ಟ್‌ವೇರ್ ಕಲಿಸ್ತಾರೆ, ವಿಎಫ್‌ಎಕ್ಸ್ ಅಲ್ಲ.

ಸಾಫ್ಟ್‌ವೇರ್‌ಗೆ ಅಂತ ಲಕ್ಷಗಟ್ಟಲೆ ಕೊಡಬೇಡಿ. 3ಡಿ ಚಿತ್ರ ಮಾಡುವ ಬ್ಲೆಂಡರ್ ಪೂರ್ತಿ ಉಚಿತ. ಕಂಪೋಸಿಟಿಂಗ್‌ಗೆ ಸ್ಟುಡಿಯೋಗಳು ಬಳಸುವ ನ್ಯೂಕ್‌ಗೆ ಕಲಿಯುವವರಿಗೆ ಅಂತಲೇ ಉಚಿತ ಆವೃತ್ತಿ ಇದೆ, ಔಟ್‌ಪುಟ್ 1920×1080ಕ್ಕಿಂತ ದೊಡ್ಡದು ಬರಲ್ಲ ಅಷ್ಟೇ. ಬೆಂಕಿ, ಹೊಗೆ, ನೀರು ಮಾಡುವ ಹೌಡಿನಿಗೆ ಅಪ್ರೆಂಟಿಸ್ ಅಂತ ಒಂದು ಉಚಿತ ಆವೃತ್ತಿ ಇದೆ, ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತೆ. ಮಾಯಾ ಅನ್ನುವ 3ಡಿ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಉಚಿತ. ಹೀಗಿರುವಾಗ ಬ್ರೋಷರ್‌ನಲ್ಲಿ ‘ಹದಿನೆಂಟು ಸಾಫ್ಟ್‌ವೇರ್ ಕಲಿಸ್ತೀವಿ’ ಅಂತ ಹಾಕಿದ್ದರೆ ನನಗೆ ನಗು ಬರುತ್ತೆ. ನನ್ನ ಕೆಲಸದ ದಿನದಲ್ಲಿ ತೆರೆಯೋದು ಒಂದೋ ಎರಡೋ.

ಅಡ್ಮಿಷನ್‌ಗೆ ಮೊದಲು ಈ ಬೇಸಿಗೆಯಲ್ಲೇ ಒಂದು ಶಾಟ್ ಮಾಡಿ ನೋಡಿ. ನಮ್ಮ ಕಡೆ ಮನೆ ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿರ್ತಾರೆ, ಅಲ್ವಾ? ಟ್ರ್ಯಾಕಿಂಗ್, ಅಂದರೆ ವಿಡಿಯೋದಲ್ಲಿನ ಗುರುತುಗಳನ್ನು ಹಿಂಬಾಲಿಸಿ ಕ್ಯಾಮೆರಾ ಹೇಗೆ ಚಲಿಸಿತು ಅಂತ ಕಂಡುಹಿಡಿಯೋದು, ಕಲಿಯೋಕೆ ಅದಕ್ಕಿಂತ ಒಳ್ಳೆ ನೆಲ ಸಿಗಲ್ಲ. ಕಲ್ಲು ಕಲ್ಲು ಕೂಡುವ ಮೂಲೆಗಳನ್ನು ಸಾಫ್ಟ್‌ವೇರ್ ಸಲೀಸಾಗಿ ಹಿಡಿಯುತ್ತೆ. ಬೆಳಿಗ್ಗೆ ಒಂಬತ್ತರ ಬಿಸಿಲಲ್ಲಿ ಅಂಗಳದಲ್ಲಿ ಒಂದು ತಾಮ್ರದ ಕೊಡ ಇಟ್ಟು ಫೋನಿನಲ್ಲಿ ಐದು ಸೆಕೆಂಡ್ ವಿಡಿಯೋ ತೆಗೆಯಿರಿ. ಫೋಕಸ್, ಎಕ್ಸ್‌ಪೋಷರ್ ಎರಡೂ ಲಾಕ್ ಮಾಡಿ. ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಷನ್ ಆಫ್ ಇರಲಿ, ಇಲ್ಲದಿದ್ದರೆ ಕ್ಯಾಮೆರಾದ ನಿಜವಾದ ಚಲನೆ ಕೈಗೆ ಸಿಗಲ್ಲ. ನಿಂತಲ್ಲೇ ತಿರುಗಬೇಡಿ, ನಿಧಾನಕ್ಕೆ ಪಕ್ಕಕ್ಕೆ ನಡೆಯಿರಿ. ಹತ್ತಿರದ್ದು ಬೇಗ, ದೂರದ್ದು ನಿಧಾನ ಸರಿದಾಗಲೇ ಸಾಫ್ಟ್‌ವೇರ್‌ಗೆ ಆಳದ ಲೆಕ್ಕ ಸಿಗೋದು. ಆಮೇಲೆ ಕೊಡ ಎತ್ತಿಟ್ಟು, ಹಾಗೇ ಇನ್ನೊಂದು ಸಲ ತೆಗೆಯಿರಿ.

ಎರಡನೇ ವಿಡಿಯೋವನ್ನು ಬ್ಲೆಂಡರ್‌ಗೆ ತಂದು ಕ್ಯಾಮೆರಾ ಟ್ರ್ಯಾಕ್ ಮಾಡಿ. ಕಡಿಮೆ ಅಂದರೆ ಎಂಟು ಗುರುತುಗಳಾದರೂ ಬೇಕು. ಇಪ್ಪತ್ತೈದು ಇಟ್ಟುಕೊಂಡರೆ ನೆಮ್ಮದಿ. ಒಂದು ಕೊಡ ಮಾಡೆಲ್ ಮಾಡಿ ಅಲ್ಲಿ ಕೂರಿಸಿ. ಮೊದಲನೇ ವಿಡಿಯೋ ಪಕ್ಕದಲ್ಲಿಟ್ಟು ನೋಡಿ. ಅಸಲಿ ಕೊಡದ ಬುಡದಲ್ಲಿ ನೆರಳಿನ ಅಂಚು ಗಡುಸಾಗಿರುತ್ತೆ, ದೂರ ಹೋದಂತೆ ಮೆತ್ತಗಾಗುತ್ತೆ. ನೆರಳು ಬರೀ ಕಪ್ಪಲ್ಲ, ಮೇಲಿನ ಆಕಾಶದ ನೀಲಿ ಅದರಲ್ಲಿ ಸ್ವಲ್ಪ ಬೆರೆತಿರುತ್ತೆ. ಬಿಸಿಲಿಗೆ ಕಾದ ಕಲ್ಲಿನಿಂದ ಪುಟಿದ ಬೆಳಕು ಕೊಡದ ಕೆಳ ಹೊಟ್ಟೆಯನ್ನು ಬೆಳಗಿಸಿರುತ್ತೆ. ಇವೆಲ್ಲ ನಿಮ್ಮ ಕೊಡದಲ್ಲಿ ಇರಲ್ಲ. ಅದನ್ನು ಸರಿ ಮಾಡುತ್ತಾ ರಾತ್ರಿ ಹನ್ನೆರಡಾಗಿದ್ದೇ ಗೊತ್ತಾಗಲಿಲ್ಲ ಅಂದರೆ ಈ ಕೆಲಸ ನಿಮ್ಮದು. ಒಂದು ಗಂಟೆಗೇ ಬೇಜಾರಾಯಿತಾ? ಹಾಗಾದರೆ ಸಿನಿಮಾ ನೋಡೋದೇ ಒಳ್ಳೇದು, ಅದರಲ್ಲಿ ತಪ್ಪೇನಿಲ್ಲ.

ಇದಾದ ಮೇಲೆ ಊರಿಗೆ ಹೊರಗೆ ಹೋಗಿ. ನಿಮ್ಮ ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹಿಂದಿನ ಆಕಾಶ ಬದಲಾಯಿಸಿ ನೋಡಿ. ಬೀದರ್ ಕೋಟೆ, ಕಲಬುರಗಿಯ ಹಫ್ತ್ ಗುಂಬಜ್ ಕೂಡ ಒಳ್ಳೆ ಪ್ಲೇಟ್ ಕೊಡ್ತವೆ. ಟ್ರೈಪಾಡ್ ಒಯ್ದರೆ ಕಾವಲಿನವರು ತಡೀತಾರೆ, ಅನುಮತಿ ಕೇಳ್ತಾರೆ. ಕೈಯಲ್ಲಿ ಫೋನ್ ಹಿಡಿದು ತೆಗೆದರೆ ಸಾಕು.

ಈಗ ನಿಮ್ಮ ನಾಲ್ಕು ದಾರಿಗಳಿಗೆ ಬರ್ತೀನಿ.

ಬೆಂಗಳೂರಿನ ಅಕಾಡೆಮಿ ವಿಷಯದಲ್ಲಿ ಮೊದಲು ಡಿಗ್ರಿ ಯಾವ ವಿಶ್ವವಿದ್ಯಾಲಯದ್ದು ಅಂತ ನೋಡಿ. ಎಷ್ಟೋ ಅಕಾಡೆಮಿಗಳು ತಾವು ಡಿಗ್ರಿ ಕೊಡೋದಿಲ್ಲ, ಎಲ್ಲೋ ದೂರದ ರಾಜ್ಯದ ವಿಶ್ವವಿದ್ಯಾಲಯದ ಹೆಸರಲ್ಲಿ ಕೊಡಿಸ್ತಾರೆ. ಪಾಸಾಗಿ ಹೋದ ಯಾರದಾದರೂ ಮಾರ್ಕ್ಸ್ ಕಾರ್ಡ್ ನೋಡೋಣ ಅನ್ನಿ. ಅದರ ಮೇಲಿನ ಹೆಸರು ಯುಜಿಸಿ ಪಟ್ಟಿಯಲ್ಲಿ ಇದೆಯಾ, ದೂರಶಿಕ್ಷಣ ಆದರೆ ಅದಕ್ಕೆ ಬೇರೆ ಮಾನ್ಯತೆ ಇದೆಯಾ ಅಂತ ಯುಜಿಸಿ ವೆಬ್‌ಸೈಟಿನಲ್ಲೇ ನೋಡಬಹುದು. ಸ್ಟುಡಿಯೋದಲ್ಲಿ ಯಾರೂ ಡಿಗ್ರಿ ಕೇಳಲ್ಲ, ನಿಜ. ಆದರೆ ನಾಳೆ ಎಫ್‌ಡಿಎ ಪರೀಕ್ಷೆ ಬರೀಬೇಕು ಅನಿಸಿದರೆ, ಎಂಎ ಮಾಡಬೇಕು ಅನಿಸಿದರೆ, ಹೊರದೇಶದ ಕೆಲಸಕ್ಕೆ ವೀಸಾ ಬೇಕಾದರೆ ಅದು ಬೇಕು. ಇನ್ನು ಫ್ರಾಂಚೈಸಿ ಅಕಾಡೆಮಿಗಳು. ಅರೀನಾ, ಮ್ಯಾಕ್ ಎರಡೂ ಆಪ್ಟೆಕ್ ಕಂಪನಿಯ ಬ್ರ್ಯಾಂಡ್‌ಗಳೇ. ಹೆಸರು ದೊಡ್ಡದು ಅಂತ ಸೇರಬೇಡಿ, ಆ ಬಡಾವಣೆಯ ಆ ಸೆಂಟರಿನಲ್ಲಿ ಈಗ ಕಲಿಸುತ್ತಿರುವವರು ಯಾವ ಸ್ಟುಡಿಯೋದಲ್ಲಿ ಏನು ಮಾಡಿದ್ದಾರೆ ಅಂತ ಕೇಳಿ. ಒಂದೇ ಬೋರ್ಡಿನ ಎರಡು ಸೆಂಟರ್‌ಗಳ ನಡುವೆ ಆಕಾಶ ಭೂಮಿ ವ್ಯತ್ಯಾಸ ಇರುತ್ತೆ. ಮತ್ತೆ ಆ ನೂರಕ್ಕೆ ನೂರು ಪ್ಲೇಸ್‌ಮೆಂಟ್? ಅದನ್ನು ಲೆಟರ್‌ಹೆಡ್ ಮೇಲೆ ಬರೆದು ಕೊಡಿ ಅನ್ನಿ. ಕೊಟ್ಟರೆ ಅದರಲ್ಲಿ ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂತ ಇರುತ್ತೆ.

ಹೈದರಾಬಾದ್ ಬಗ್ಗೆ ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಥ ಇದೆ. ಬೀದರ್, ಕಲಬುರಗಿ ಕಡೆಯವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ತೆಲುಗು ಸಿನಿಮಾದ ದೊಡ್ಡ ಗ್ರಾಫಿಕ್ಸ್ ಕೆಲಸ ಅಲ್ಲೇ ನಡೆಯುತ್ತೆ. ಅಲ್ಲಿನ ಜವಾಹರಲಾಲ್ ನೆಹರು ಆರ್ಕಿಟೆಕ್ಚರ್ ಮತ್ತು ಫೈನ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಅನಿಮೇಷನ್‌ನಲ್ಲಿ ಬಿಎಫ್‌ಎ (ಲಲಿತಕಲೆ ಡಿಗ್ರಿ) ಇದೆ. ಅದು ಸರ್ಕಾರಿ ವಿಶ್ವವಿದ್ಯಾಲಯ. ಬೇರೆ ರಾಜ್ಯದವರಿಗೆ ಸೀಟು ಎಷ್ಟು, ಫೀ ಎಷ್ಟು ಅಂತ ನೇರವಾಗಿ ಅಲ್ಲೇ ವಿಚಾರಿಸಿ.

ಬಿವಿಎ ಅಂದರೆ ನಾಲ್ಕು ವರ್ಷದ ಚಿತ್ರಕಲೆ ಡಿಗ್ರಿ, ಕಲಬುರಗಿಯಲ್ಲೇ ಓದಬಹುದು. ನಿಮ್ಮ ಮೇಷ್ಟ್ರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಂಪೋಸಿಟಿಂಗ್, ಲೈಟಿಂಗ್, ಮ್ಯಾಟ್ ಪೇಂಟಿಂಗ್ (ದೃಶ್ಯದ ಹಿನ್ನೆಲೆ ಬರೆಯೋದು) ಮೂರಕ್ಕೂ ಬೇಕಾಗಿರೋದು ಬೆಳಕನ್ನು ನೋಡುವ ಕಣ್ಣು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದವರು. ಅವರ ಕ್ಯಾಲೆಂಡರ್ ಚಿತ್ರಗಳಲ್ಲಿ ಮುಖದ ಮೇಲೆ ಬೆಳಕು ಹೇಗೆ ಜಾರುತ್ತೆ ಅಂತ ನೋಡಿ, ಲೈಟಿಂಗ್‌ನ ಒಂದು ಸೆಮಿಸ್ಟರ್ ಪಾಠ ಅದರಲ್ಲೇ ಇದೆ. ಆದರೆ ಬಿವಿಎ ಮಾಡಿದರೆ ಕಂಪ್ಯೂಟರ್ ಭಾಗ ನೀವೇ ಕಲಿಯಬೇಕು, ಸಂಜೆ ಹೊತ್ತು, ಮನೆಯಲ್ಲಿ. ಅದು ಎಲ್ಲರಿಂದ ಆಗಲ್ಲ.

ಅಪ್ಪನ ಇಂಜಿನಿಯರಿಂಗ್ ಕೂಡ ಈ ದಾರಿಯಿಂದ ಹೊರಗಿಲ್ಲ. ಇದನ್ನು ಹೇಳಿದರೆ ಎಲ್ಲರಿಗೂ ಆಶ್ಚರ್ಯ. ಸ್ಟುಡಿಯೋಗಳಲ್ಲಿ ಪೈಪ್‌ಲೈನ್ ಟಿಡಿ (ಟೆಕ್ನಿಕಲ್ ಡೈರೆಕ್ಟರ್) ಅಂತ ಒಂದು ಕೆಲಸ ಇದೆ. ನೂರಾರು ಜನರ ಫೈಲ್‌ಗಳು ಒಬ್ಬರಿಂದ ಒಬ್ಬರಿಗೆ ಸರಿಯಾಗಿ ಹೋಗುವಂತೆ ಪೈಥಾನ್‌ನಲ್ಲಿ ಟೂಲ್ ಬರೆಯೋದು ಅವರ ಕೆಲಸ, ಅದೂ ಸಾಮಾನ್ಯವಾಗಿ ಲಿನಕ್ಸ್ ಮೇಲೆ. ಹೌಡಿನಿಯಲ್ಲಿ ಎಫ್‌ಎಕ್ಸ್, ಅಂದರೆ ಬೆಂಕಿ, ಹೊಗೆ, ನೀರು, ಮಾಡುವವರಿಗೂ ವೆಕ್ಟರ್, ಮ್ಯಾಟ್ರಿಕ್ಸ್ ದಿನಾ ಬೇಕು. ಚೆನ್ನಾಗಿ ಚಿತ್ರ ಬರೆಯುವವರು ಬಹಳ ಜನ ಸಿಗ್ತಾರೆ, ಚಿತ್ರವೂ ಕೋಡೂ ಎರಡೂ ಅರ್ಥವಾಗುವವರು ಸಿಗೋದಿಲ್ಲ. ನಿಮಗೆ ಗಣಿತ ಇಷ್ಟ ಇದ್ದರೆ ಕಂಪ್ಯೂಟರ್ ಸೈನ್ಸ್ ಸೇರಿ, ಜೊತೆಗೆ ಹೌಡಿನಿ ಕಲಿಯಿರಿ ಅಂತಲೇ ನಾನು ಹೇಳೋದು. ಗಣಿತ ಕಷ್ಟಪಟ್ಟು ಪಾಸಾಗಿದ್ದರೆ ಅಪ್ಪನ ಸಮಾಧಾನಕ್ಕೆ ಸುಮ್ನೆ ಸೇರಬೇಡಿ.

ನೀವು ಹೇಳದ ಇನ್ನೊಂದು ದಾರಿ ಇದೆ. ಐಐಟಿಗಳಲ್ಲಿ ಬಿ.ಡಿಸೈನ್‌ಗೆ ಯುಸೀಡ್ ಅಂತ ಪರೀಕ್ಷೆ, ಜನವರಿಯಲ್ಲಿ ನಡೆಯುತ್ತೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅನಿಮೇಷನ್ ಫಿಲ್ಮ್ ಡಿಸೈನ್ ಇದೆ, ಅದಕ್ಕೆ ಬೇರೆ ಪರೀಕ್ಷೆ. ಆರ್ಟ್ಸ್, ಕಾಮರ್ಸ್ ಓದಿದವರೂ ಬರೆಯಬಹುದು. ಯುಸೀಡ್‌ಗೆ ಸತತ ಎರಡು ವರ್ಷ ಮಾತ್ರ ಅವಕಾಶ. ಸೀಟು ಕಡಿಮೆ, ಆದರೂ ಒಂದು ಸಲ ಬರೆದು ನೋಡೋದರಲ್ಲಿ ನಷ್ಟವಿಲ್ಲ.

ನಾಲ್ಕರಲ್ಲಿ ನನ್ನ ಆಯ್ಕೆ ಕೇಳಿದರೆ, ಫೀ ಕಡಿಮೆ ಇರುವ ಅಸಲಿ ಡಿಗ್ರಿ. ಗಣಿತ ಬರುತ್ತೆ ಅಂದರೆ ಇಂಜಿನಿಯರಿಂಗ್, ಕೈ ಓಡುತ್ತೆ ಅಂದರೆ ಬಿವಿಎ ಅಥವಾ ಬಿಎಫ್‌ಎ. ಅಕಾಡೆಮಿಯ ಬಿ.ಎಸ್ಸಿ. ಬೇಕು ಅಂದರೆ ಮಕ್ಕಳೇ ತೆಗೆದ ಪ್ಲೇಟ್ ಕಣ್ಣಾರೆ ನೋಡಿದ ಮೇಲೆ ಮಾತ್ರ. ಸಾಲ ಮಾಡಿ ಅಂತೂ ಬೇಡ. ಕಾರಣ ಇದೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಬೆಂಗಳೂರಿಗೆ ಬರಬೇಕಾದ ಕೆಲಸ ಬತ್ತಿತು. 2025ರ ಫೆಬ್ರವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಗುಂಪು ಕುಸಿಯಿತು, ಅದರ ಬೆಂಗಳೂರಿನ ಸ್ಟುಡಿಯೋವೂ ಬಾಗಿಲು ಹಾಕಿತು. ಹತ್ತು ವರ್ಷ ಅನುಭವ ಇದ್ದವರೂ ಕೆಲಸ ಹುಡುಕುವ ಹಾಗಾಯಿತು. ಇನ್ನೊಂದು ಕಡೆ ಹೊಸಬರಿಗೆ ಮೊದಲು ಸಿಗುತ್ತಿದ್ದದ್ದು ರೋಟೋ ಕೆಲಸ. ನಟನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆಯೋದು. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಈಗ ಅದರ ಒಂದಷ್ಟು ಭಾಗ ಎಐ ಮಾಡುತ್ತೆ. ಕೂದಲು, ಮಸುಕಾಗಿ ಓಡುವ ಕೈಗಳಿಗೆ ಇನ್ನೂ ಮನುಷ್ಯರು ಬೇಕು, ಆದರೆ ಮೊದಲಿನಷ್ಟು ಜನ ಬೇಡ. ಬರೀ ರೋಟೋ ಕಲಿಸಿ ಕಳಿಸುವ ಆರು ತಿಂಗಳ ಕೋರ್ಸ್‌ಗಳನ್ನು ಈ ಹೊತ್ತಿನಲ್ಲಿ ದೂರ ಇಡಿ.

ಲ್ಯಾಪ್‌ಟಾಪ್ ಬಗ್ಗೆಯೂ ಕೇಳಿದ್ದಿರಿ. 16 ಜಿಬಿ ರ‍್ಯಾಮ್, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೊದಲ ಎರಡು ವರ್ಷ ಸಾಕು. ರ‍್ಯಾಮ್ ಮುಂದೆ ಹೆಚ್ಚಿಸಬಹುದಾದ ಮಾದರಿ ನೋಡಿ ತಗೊಳ್ಳಿ. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ಕೆಲಸ ಕೊಡುತ್ತೆ. ನಮ್ಮ ಕಡೆಯ ಬೇಸಿಗೆಗೆ ಅದೇ ವಾಸಿ, ರೆಂಡರ್ (ಕೊನೆಯ ಚಿತ್ರವನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೆಗೆಯೋದು) ಹಾಕಿದ ಲ್ಯಾಪ್‌ಟಾಪ್ ಮೇ ತಿಂಗಳಲ್ಲಿ ಮುಟ್ಟೋಕಾಗಲ್ಲ.

ಯಾವ ದಾರಿ ಹಿಡಿದರೂ ಸಂವಿಧಾನದ 371 ಜೆ ವಿಧಿಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇ. 8 ಸೀಟು ಮೀಸಲು. ಕೆಇಎ ಮೂಲಕ ಇಂಜಿನಿಯರಿಂಗ್ ಸೀಟು ತಗೊಳ್ಳುವಾಗ ಬಹಳ ಉಪಯೋಗಕ್ಕೆ ಬರುತ್ತೆ. ಖಾಸಗಿ ಅಕಾಡೆಮಿಗೆ, ಹೈದರಾಬಾದಿಗೆ ಅದು ಲೆಕ್ಕಕ್ಕಿಲ್ಲ. ಸಹಿ ಆಗೋದು ಯಾದಗಿರಿಯ ಎಸಿ (ಸಹಾಯಕ ಆಯುಕ್ತರ) ಆಫೀಸಿನಲ್ಲಿ. ಕೌನ್ಸೆಲಿಂಗ್ ಶುರುವಾದ ಮೇಲೆ ಅಲ್ಲಿ ಜನವೋ ಜನ, ಈಗಲೇ ಅರ್ಜಿ ಹಾಕಿಬಿಡಿ.