ತೆರಿಗೆ ಪ್ರಶ್ನೋತ್ತರ: ಹೆಂಡತಿ ಶಿವಮೊಗ್ಗದಲ್ಲಿದ್ದರೂ ನೀವು ‘ಸಿಂಗಲ್’ ಅಲ್ಲ

ಅಮೆರಿಕದಲ್ಲಿರುವ ಓದುಗರು ಈ ಸಲ ಕೇಳಿದ್ದರಲ್ಲಿ ಹೆಚ್ಚಿನವು ಅಲ್ಲಿನ ಫೆಡರಲ್ ಆದಾಯ ತೆರಿಗೆಯ ಪ್ರಶ್ನೆಗಳು. ಇಲ್ಲಿರುವ ಅಂಕಿಗಳೆಲ್ಲ 2025ರ ಜನವರಿಯಿಂದ ಡಿಸೆಂಬರ್‌ವರೆಗಿನ ಆದಾಯಕ್ಕೆ ಸೇರಿದವು, ಅಂದರೆ 2026ರ ಏಪ್ರಿಲ್ 15ರೊಳಗೆ ಸಲ್ಲಿಸುವ ರಿಟರ್ನ್‌ಗೆ. ರಾಜ್ಯದ ತೆರಿಗೆಯನ್ನು ಮುಟ್ಟಿಲ್ಲ. ಟೆಕ್ಸಾಸ್‌ನವರಿಗೆ ಅದು ಇಲ್ಲ, ಕ್ಯಾಲಿಫೋರ್ನಿಯಾದವರಿಗೆ ಅದೇ ಇನ್ನೊಂದು ರಿಟರ್ನ್.

ಪ್ರಶ್ನೆ: ನಾನು ಎಚ್-1ಬಿ (ಕೆಲಸದ ವೀಸಾ), ಹೆಂಡತಿ ಎಚ್-4 (ಅವಲಂಬಿತರ ವೀಸಾ), ಅವಳಿಗೆ ಕೆಲಸವಿಲ್ಲ. ನಾಲ್ಕು ವರ್ಷದಿಂದ ಇಲ್ಲೇ ಇದ್ದೇವೆ. ದೊಡ್ಡ ಮಗಳು ಮೈಸೂರಿನಲ್ಲಿ ಹುಟ್ಟಿದವಳು, ಎಂಟು ವರ್ಷ. ಮಗ ಇಲ್ಲೇ ಹುಟ್ಟಿದ್ದು. ಹೆಂಡತಿಗೂ ಮಗಳಿಗೂ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಅವರನ್ನು ಬಿಟ್ಟು ನಾನೊಬ್ಬನೇ ಫೈಲ್ ಮಾಡಿದರೆ ಸಾಕೇ? — ಪ್ಲೇನೊ, ಟೆಕ್ಸಾಸ್

ಉತ್ತರ: ಬಿಡಬೇಡಿ. ಬಿಟ್ಟರೆ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕೋಣ.

ಮೊದಲು ಸಂಬಳ. ಆಫರ್ ಲೆಟರ್‌ನಲ್ಲಿರುವ ಮೊತ್ತವನ್ನಲ್ಲ, ಕಂಪನಿ ವರ್ಷಕ್ಕೊಮ್ಮೆ ಕೊಡುವ ಡಬ್ಲ್ಯು-2 ಚೀಟಿಯ ಒಂದನೇ ಬಾಕ್ಸ್‌ನಲ್ಲಿರುವುದನ್ನು ತೆಗೆದುಕೊಳ್ಳಿ. ನಿವೃತ್ತಿ ಉಳಿತಾಯದ 401(ಕೆ) ಖಾತೆಗೆ ತೆರಿಗೆಗೆ ಮೊದಲೇ ಹಾಕಿದ ಹಣ ಅದರಲ್ಲಿ ಆಗಲೇ ಕಳೆದಿರುತ್ತದೆ. ಎಷ್ಟೋ ಮಂದಿ ಅದನ್ನು ಇನ್ನೊಮ್ಮೆ ಕಳೆದು ಆಮೇಲೆ ನೋಟಿಸ್ ತರಿಸಿಕೊಳ್ಳುತ್ತಾರೆ. ನಿಮ್ಮ ಒಂದನೇ ಬಾಕ್ಸ್‌ನಲ್ಲಿ 1,20,000 ಡಾಲರ್ ಇದೆ ಎಂದಿಟ್ಟುಕೊಳ್ಳಿ.

ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) 31,500. ಉಳಿಯುವುದು 88,500. ಇದರಲ್ಲಿ ಮೊದಲ 23,850ಕ್ಕೆ 10%, ಅಂದರೆ 2,385. ಮಿಕ್ಕ 64,650ಕ್ಕೆ 12%, ಅಂದರೆ 7,758. ಒಟ್ಟು 10,143. ಆದರೆ ಸಾಫ್ಟ್‌ವೇರ್ 10,146 ಎಂದು ತೋರಿಸುತ್ತದೆ. ಅದು ತಪ್ಪಲ್ಲ. ತೆರಿಗೆಗೆ ಒಳಪಡುವ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಐಆರ್‌ಎಸ್‌ನ (ಅಮೆರಿಕದ ತೆರಿಗೆ ಇಲಾಖೆ) ಟೇಬಲ್ ನೋಡಬೇಕು. ಆ ಟೇಬಲ್ 50 ಡಾಲರ್‌ಗೊಂದು ಸಾಲು ಮಾಡಿ, ಸಾಲಿನ ನಡುವಿನ ಮೊತ್ತಕ್ಕೆ ತೆರಿಗೆ ಬರೆದಿರುತ್ತದೆ.

ಈಗ ಮಕ್ಕಳ ಕ್ರೆಡಿಟ್, ಅಂದರೆ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತ. ಮಗನಿಗೆ 2,200. ಮಗಳಿಗೆ ಅದು ಸಿಗದು. ಆ ಕ್ರೆಡಿಟ್‌ಗೆ ಮಗುವಿಗೆ ಕೆಲಸಕ್ಕೆ ಅರ್ಹವಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. 2025ರಿಂದ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಾದರೂ ಅದು ಇರಲೇಬೇಕು. ನಿಮಗಿದೆ, ಅಷ್ಟು ಸಾಕು. ಮಗಳಿಗೆ ಐಟಿನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್) ಮಾಡಿಸಿದರೆ ಇತರ ಅವಲಂಬಿತರ ಕ್ರೆಡಿಟ್ 500 ಸಿಗುತ್ತದೆ. 10,146ರಲ್ಲಿ 2,700 ಕಳೆದರೆ 7,446. ಇದೇ ನಿಮ್ಮ ವರ್ಷದ ತೆರಿಗೆ.

ನೀವೊಬ್ಬರೇ ‘ಮ್ಯಾರೀಡ್ ಫೈಲಿಂಗ್ ಸೆಪರೇಟ್‌ಲಿ’ ಎಂದು ಸಲ್ಲಿಸಿದರೆ ಡಿಡಕ್ಷನ್ 15,750ಕ್ಕೆ ಇಳಿದು 1,04,250 ಉಳಿಯುತ್ತದೆ. ಸ್ಲ್ಯಾಬ್‌ಗಳೂ ಅರ್ಧಕ್ಕೆ ಕುಗ್ಗುತ್ತವೆ: 11,925ರವರೆಗೆ 10%, 48,475ರವರೆಗೆ 12%, 1,03,350ರವರೆಗೆ 22%, ಕೊನೆಯ 900ಕ್ಕೆ 24%. ಒಟ್ಟು 17,867. ಮಕ್ಕಳ 2,700 ಕಳೆದರೂ 15,167. ಜಂಟಿ ರಿಟರ್ನ್‌ಗಿಂತ 7,721 ಡಾಲರ್ ಜಾಸ್ತಿ. ಅದನ್ನು ಉಳಿಸಿಕೊಡುವುದು ಎರಡು ಐಟಿನ್ ಅರ್ಜಿಗಳು.

ಅರ್ಜಿಗೆ ಬೇಕಾದ್ದು ಫಾರ್ಮ್ ಡಬ್ಲ್ಯು-7, ಒಬ್ಬೊಬ್ಬರಿಗೆ ಒಂದೊಂದು. ರಿಟರ್ನ್‌ನ ಮುಂದೆ ಲಗತ್ತಿಸಿ, ಫಾರ್ಮ್‌ನ ಸೂಚನೆಯಲ್ಲಿರುವ ಟೆಕ್ಸಾಸ್‌ನ ಆಸ್ಟಿನ್ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಜೊತೆಗೆ ಮೂಲ ಪಾಸ್‌ಪೋರ್ಟ್ ಅಥವಾ ಪಾಸ್‌ಪೋರ್ಟ್ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಇರಬೇಕು. ನೋಟರಿ ಮಾಡಿಸಿದ ಜೆರಾಕ್ಸ್ ನಡೆಯುವುದಿಲ್ಲ, ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಇದರಿಂದಲೇ. ಪಾಸ್‌ಪೋರ್ಟ್ ಅಂಚೆಗೆ ಹಾಕಲು ಮನಸ್ಸು ಒಪ್ಪದಿದ್ದರೆ (ಯಾರಿಗೂ ಒಪ್ಪುವುದಿಲ್ಲ) ಐಆರ್‌ಎಸ್ ಮಾನ್ಯತೆ ಪಡೆದ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟರಿಗೆ ತೋರಿಸಿ, ಅವರು ನೋಡಿ ದೃಢೀಕರಿಸಿ ಕೈಗೇ ಕೊಡುತ್ತಾರೆ. ಮಗಳ ಪಾಸ್‌ಪೋರ್ಟ್‌ನಲ್ಲಿ ಅಮೆರಿಕಕ್ಕೆ ಬಂದ ದಿನಾಂಕದ ಮುದ್ರೆ ಇಲ್ಲದಿದ್ದರೆ ಶಾಲೆಯ ದಾಖಲೆಯನ್ನೂ ಸೇರಿಸಿ. ಅರ್ಜಿ ರಿಟರ್ನ್‌ನ ಗಡುವಿನೊಳಗೆ ಹೋಗಬೇಕು. ತಡವಾದರೆ ಐಟಿನ್ ಬಂದರೂ ಆ ವರ್ಷದ 500 ಸಿಗುವುದಿಲ್ಲ. ಬಂದ ಐಟಿನ್ ಅನ್ನು ಸತತ ಮೂರು ವರ್ಷ ಯಾವ ರಿಟರ್ನ್‌ನಲ್ಲೂ ಬಳಸದಿದ್ದರೆ ಅದು ರದ್ದಾಗುತ್ತದೆ.

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಮದುವೆಯಾಯಿತು. ಹೆಂಡತಿ ಶಿವಮೊಗ್ಗದಲ್ಲಿದ್ದಾಳೆ, ಅಲ್ಲೇ ಕೆಲಸ, ವೀಸಾ ಇನ್ನೂ ಆಗಿಲ್ಲ. ನಾನು 2022ರಿಂದ ಎಚ್-1ಬಿಯಲ್ಲಿ ಇಲ್ಲಿದ್ದೇನೆ. ಅವಳು ಅಮೆರಿಕಕ್ಕೆ ಕಾಲೇ ಇಟ್ಟಿಲ್ಲವಲ್ಲ, ಈ ವರ್ಷವೂ ‘ಸಿಂಗಲ್’ ಎಂದೇ ಹಾಕಬಹುದೇ? ಗೆಳೆಯರೊಬ್ಬರು ‘ಹೆಡ್ ಆಫ್ ಹೌಸ್‌ಹೋಲ್ಡ್’ ಹಾಕು, ಜಾಸ್ತಿ ಉಳಿಯುತ್ತದೆ ಅನ್ನುತ್ತಾರೆ. — ಷಾರ್ಲೆಟ್, ನಾರ್ತ್ ಕ್ಯಾರೊಲಿನಾ

ಉತ್ತರ: ಎರಡೂ ತಪ್ಪು. ಡಿಸೆಂಬರ್ 31ರಂದು ನಿಮಗೆ ಮದುವೆಯಾಗಿತ್ತೇ ಇಲ್ಲವೇ ಎನ್ನುವುದಷ್ಟೇ ಪ್ರಶ್ನೆ. ತಾಳಿ ಯಾವ ಊರಲ್ಲಿ ಕಟ್ಟಿದಿರಿ, ಹೆಂಡತಿ ಈಗ ಯಾವ ದೇಶದಲ್ಲಿದ್ದಾರೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸಂಗಾತಿ ನಾನ್‌ರೆಸಿಡೆಂಟ್ (ತೆರಿಗೆಯ ಲೆಕ್ಕದಲ್ಲಿ ಅಮೆರಿಕದ ನಿವಾಸಿಯಲ್ಲದವರು) ಆಗಿದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್ ವಿಷಯಕ್ಕೆ ಮಾತ್ರ ನಿಮ್ಮನ್ನು ಅವಿವಾಹಿತರಂತೆ ಪರಿಗಣಿಸಬಹುದು. ಆದರೆ ನಿಮ್ಮ ಮನೆಯಲ್ಲಿ ನಿಮ್ಮ ಖರ್ಚಿನಲ್ಲಿ ಬದುಕುವ ಮಗುವೋ ಇನ್ನೊಬ್ಬ ಅರ್ಹ ವ್ಯಕ್ತಿಯೋ ಬೇಕು. ಹೆಂಡತಿಯನ್ನೇ ಆ ವ್ಯಕ್ತಿ ಎಂದು ತೋರಿಸಲು ಬರುವುದಿಲ್ಲ.

ಹಾಗಾಗಿ ನಿಮಗಿರುವುದು ಎರಡು ದಾರಿ. ಮೊದಲನೆಯದು ಸೆಪರೇಟ್. ಹೆಂಡತಿಯ ನಂಬರ್ ಇರಬೇಕಾದ ಜಾಗದಲ್ಲಿ ‘ಎನ್‌ಆರ್‌ಎ’ (ನಾನ್‌ರೆಸಿಡೆಂಟ್ ಏಲಿಯನ್) ಎಂದು ಬರೆದರೆ ಮುಗಿಯಿತು. ಸ್ಲ್ಯಾಬ್ ಸಿಂಗಲ್‌ನಷ್ಟೇ ಆದ್ದರಿಂದ ನಿಮ್ಮ ಸಂಬಳದಲ್ಲಿ ತೆರಿಗೆಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಶೇರಿನಲ್ಲಿ ನಷ್ಟವಾಗಿದ್ದರೆ ಸಂಬಳದ ಎದುರು 3,000ದ ಬದಲು 1,500 ಮಾತ್ರ ಕಳೆಯಬಹುದು, ಶಿಕ್ಷಣ ಸಾಲದ ಬಡ್ಡಿಯನ್ನು ಕಳೆಯುವ ಹಾಗಿಲ್ಲ.

ಎರಡನೆಯದು, ಹೆಂಡತಿಯನ್ನೂ ವರ್ಷಪೂರ್ತಿ ರೆಸಿಡೆಂಟ್ ಎಂದು ಪರಿಗಣಿಸಿ ಜಂಟಿಯಾಗಿ ಸಲ್ಲಿಸುವುದು. ವರ್ಷದ ಕೊನೆಯ ದಿನ ಒಬ್ಬರು ರೆಸಿಡೆಂಟ್, ಇನ್ನೊಬ್ಬರು ಅಲ್ಲ, ಆದರೂ ಇಬ್ಬರೂ ಇಡೀ ವರ್ಷಕ್ಕೆ ರೆಸಿಡೆಂಟ್ ಆಗಿರಲು ಆಯ್ದುಕೊಂಡಿದ್ದೇವೆ ಎಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರ ಹೆಸರು, ವಿಳಾಸ, ನಂಬರ್ ಹಾಕಿ, ಇಬ್ಬರೂ ಸಹಿ ಮಾಡಿ ರಿಟರ್ನ್‌ಗೆ ಲಗತ್ತಿಸಬೇಕು. ಹೆಂಡತಿಗೆ ಐಟಿನ್ ಬೇಕು, ಮೇಲಿನ ಉತ್ತರದಲ್ಲಿ ಹೇಳಿದ ದಾರಿಯೇ.

ಬದಲಿಗೆ ಹೆಂಡತಿಯ ಶಿವಮೊಗ್ಗದ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮದು 95,000 ಡಾಲರ್, ಅವರದು 8,40,000 ರೂಪಾಯಿ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಡಾಲರ್‌ಗೆ 84 ರೂಪಾಯಿ ಹಿಡಿದರೆ 10,000 ಡಾಲರ್ (ರಿಟರ್ನ್‌ನಲ್ಲಿ ಆ ವರ್ಷದ ಸರಾಸರಿ ದರ ಬಳಸಿ). ಸೆಪರೇಟ್ ಆದರೆ ನಿಮ್ಮ ತೆರಿಗೆ ಸುಮಾರು 12,350. ಜಂಟಿಯಾದರೆ 1,05,000ರಲ್ಲಿ 31,500 ಹೋಗಿ 73,500, ತೆರಿಗೆ ಸುಮಾರು 8,350. ಅವರ ಸಂಬಳ ಸೇರಿಸಿದ ಮೇಲೂ ನಾಲ್ಕು ಸಾವಿರದಷ್ಟು ಉಳಿತಾಯ.

ಎಡವುವುದು ಎಲ್ಲಿ? ಹೆಂಡತಿಯ ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಇಲ್ಲಿಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನದು. ಹನ್ನೆರಡು ತಿಂಗಳ ಸಂಬಳ ಚೀಟಿ ತರಿಸಿ ಕೂಡಿಸಿ. ಅಲ್ಲಿ ತೆರಿಗೆ ಕಟ್ಟಿದ್ದರೆ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೇಳಬಹುದು, ರಿಬೇಟಿನಿಂದ ಅಲ್ಲಿ ತೆರಿಗೆಯೇ ಸೊನ್ನೆಯಾಗಿದ್ದರೆ ಇಲ್ಲಿ ಕ್ರೆಡಿಟ್ ಕೂಡ ಸೊನ್ನೆ. ಅವರ ಹೆಸರಲ್ಲಿ ಭಾರತದ ಮ್ಯೂಚುವಲ್ ಫಂಡ್‌ಗಳಿದ್ದರೆ ಸಹಿ ಹಾಕುವ ಮೊದಲು ತಿಳಿದವರನ್ನು ಕೇಳಿ. ಅವು ಅಮೆರಿಕದ ಕಣ್ಣಿಗೆ ಪಿಎಫ್‌ಐಸಿ (ವಿಶೇಷ ತೆರಿಗೆ ನಿಯಮಗಳಿರುವ ವಿದೇಶಿ ಹೂಡಿಕೆ ಕಂಪನಿ), ಫಾರ್ಮ್ 8621ರ ತಲೆನೋವು. ಸಣ್ಣ ಎಸ್‌ಐಪಿ ಇದ್ದರೆ ಪರವಾಗಿಲ್ಲ, ದೊಡ್ಡ ಮೊತ್ತವಿದ್ದರೆ ಸೆಪರೇಟೇ ನೆಮ್ಮದಿ ಎನ್ನುವುದು ನಮ್ಮ ಅಭಿಪ್ರಾಯ. ಇನ್ನೊಂದು ಮಾತು, ಈ ಆಯ್ಕೆ ಮುಂದಿನ ವರ್ಷಗಳಿಗೂ ನಡೆಯುತ್ತದೆ. ಒಮ್ಮೆ ಹಿಂತೆಗೆದುಕೊಂಡರೆ ನೀವಿಬ್ಬರೂ ಅದನ್ನು ಮತ್ತೆ ಮಾಡುವಂತಿಲ್ಲ.

ಪ್ರಶ್ನೆ: ನಾವಿಬ್ಬರೂ ದುಡಿಯುತ್ತೇವೆ, ತಲಾ 90,000. ಒಬ್ಬಳೇ ಮಗಳು. ಇಬ್ಬರ ಸಂಬಳದಲ್ಲೂ ಪ್ರತಿ ಸಲ ತೆರಿಗೆ ಹಿಡಿದಿದ್ದಾರೆ. ಆದರೂ ರಿಟರ್ನ್ ಹಾಕುವಾಗ ಸಾವಿರಾರು ಡಾಲರ್ ಬಾಕಿ ತೋರಿಸುತ್ತಿದೆ. — ಬೆಲ್‌ವ್ಯೂ, ವಾಷಿಂಗ್ಟನ್

ಉತ್ತರ: ಕಂಪನಿಗಳ ತಪ್ಪಲ್ಲ, ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸಲು ನೀವು ಕೊಟ್ಟ ಫಾರ್ಮ್ ಡಬ್ಲ್ಯು-4ರ ತಪ್ಪು. ಇಬ್ಬರೂ ‘ಮ್ಯಾರೀಡ್ ಜಾಯಿಂಟ್’ ಗುರುತು ಹಾಕಿ ಎರಡನೇ ಹಂತವನ್ನು ಖಾಲಿ ಬಿಟ್ಟಿರುತ್ತೀರಿ. ಆಗ ಎರಡೂ ಕಂಪನಿಗಳು, ಈ ಮನೆಯಲ್ಲಿ ದುಡಿಯುವುದು ನಮ್ಮ ನೌಕರರೊಬ್ಬರೇ ಎಂದು ತಿಳಿದು ಇಡೀ ಡಿಡಕ್ಷನ್ನನ್ನು ಎರಡೆರಡು ಸಲ ಕೊಟ್ಟುಬಿಡುತ್ತವೆ. ಸಂಬಳದಿಂದ ತೆರಿಗೆ ಹಿಡಿಯುವ 2025ರ ಕೋಷ್ಟಕದಲ್ಲಿ ಆ ಡಿಡಕ್ಷನ್ 30,000. ಆ ವರ್ಷದ ಜುಲೈನಲ್ಲಿ ಬಂದ ಹೊಸ ಕಾನೂನು ಅದನ್ನು 31,500ಕ್ಕೆ ಏರಿಸಿದರೂ ಕೋಷ್ಟಕ ಬದಲಾಗಲಿಲ್ಲ. ಆ ಪ್ರಕಾರ ಒಬ್ಬೊಬ್ಬರಿಂದ ಹಿಡಿದದ್ದು 6,723, ಇಬ್ಬರದೂ ಸೇರಿ 13,446. ನಿಜವಾದ ತೆರಿಗೆ? 1,80,000ದಲ್ಲಿ 31,500 ಕಳೆದು 1,48,500, ಇದರಲ್ಲಿ 96,950 ದಾಟಿದ್ದಕ್ಕೆಲ್ಲ 22%. ಒಟ್ಟು 22,498. ಕೊರತೆ 9,052. ಮಗಳ 2,200 ಕಳೆದರೂ 6,852. ಮಗಳನ್ನು ಇಬ್ಬರೂ ಮೂರನೇ ಹಂತದಲ್ಲಿ ಬರೆದಿದ್ದರೆ ಹಿಡಿದದ್ದೂ ಆ ಲೆಕ್ಕಕ್ಕೆ ತಕ್ಕಂತೆ ಇನ್ನೂ ಕಡಿಮೆ.

ಈಗಲೇ ಹೊಸ ಡಬ್ಲ್ಯು-4 ಕೊಡಿ. ಇಬ್ಬರೂ ಎರಡನೇ ಹಂತದ (ಸಿ) ಚೌಕಕ್ಕೆ ಟಿಕ್ ಹಾಕಿ. ಮಗಳನ್ನು ಒಬ್ಬರ ಫಾರ್ಮ್‌ನಲ್ಲಿ ಮಾತ್ರ ಬರೆಯಿರಿ. ಟಿಕ್ ಹಾಕಿದ್ದಿದ್ದರೆ 2025ರಲ್ಲಿ ಮಗಳ ಲೆಕ್ಕ ಬಿಟ್ಟು ಒಟ್ಟು 22,828 ಹಿಡಿಯುತ್ತಿದ್ದರು, ಬಾಕಿಯೇ ಇರುತ್ತಿರಲಿಲ್ಲ. ಇಬ್ಬರ ಸಂಬಳ ಹೆಚ್ಚುಕಡಿಮೆ ಸಮ ಇದ್ದಾಗ ಈ ಟಿಕ್ ಚೆನ್ನಾಗಿ ಹೊಂದುತ್ತದೆ. ಒಬ್ಬರದು ಇನ್ನೊಬ್ಬರ ಅರ್ಧಕ್ಕಿಂತ ಕಡಿಮೆ ಇದ್ದರೆ ಟಿಕ್ ಬಿಟ್ಟು, ಫಾರ್ಮ್‌ನ ಜೊತೆಗಿರುವ ವರ್ಕ್‌ಶೀಟ್ ತುಂಬಿ. ದಂಡದ ಮಾತು: ವರ್ಷದ ತೆರಿಗೆಯಲ್ಲಿ 90% ಅಥವಾ ಹಿಂದಿನ ವರ್ಷದ ತೆರಿಗೆಯ 100% ಹಿಡಿದಿದ್ದರೆ ದಂಡವಿಲ್ಲ. ಹಿಂದಿನ ವರ್ಷದ ಆದಾಯ 1,50,000 ದಾಟಿದ್ದರೆ ಆ 100%, 110% ಆಗುತ್ತದೆ.

ಪ್ರಶ್ನೆ: ವಿಚ್ಛೇದನವಾಗಿ ಮೂರು ವರ್ಷ. ಎಂಟು ವರ್ಷದ ಮಗ ನನ್ನ ಜೊತೆ, ವಾರಾಂತ್ಯ ಅವನ ಅಪ್ಪನ ಮನೆಯಲ್ಲಿ. ಮಗನ ಕ್ರೆಡಿಟ್ ತಮಗೇ ಬೇಕೆಂದು ಅವರು ಹೇಳುತ್ತಿದ್ದಾರೆ. ನನ್ನ ಸಂಬಳ 78,000. — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮಗ ವರ್ಷದಲ್ಲಿ ಹೆಚ್ಚು ರಾತ್ರಿ ಎಲ್ಲಿ ಮಲಗಿದ್ದ ಎಂಬುದರ ಮೇಲೆ ಹಕ್ಕು ನಿರ್ಧಾರವಾಗುತ್ತದೆ. ನಿಮ್ಮ ಮನೆಯಲ್ಲೇ. ಮನೆ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವೇ ಭರಿಸಿದ್ದರೆ ನೀವು ಹೆಡ್ ಆಫ್ ಹೌಸ್‌ಹೋಲ್ಡ್. ಡಿಡಕ್ಷನ್ 23,625 ಹೋಗಿ 54,375 ಉಳಿಯುತ್ತದೆ. ಮೊದಲ 17,000ಕ್ಕೆ 10%, ಉಳಿದದ್ದಕ್ಕೆ 12%: ಒಟ್ಟು 6,185. ಮಗನ 2,200 ಕಳೆಯಿರಿ. ನೀವು ಕೆಲಸದಲ್ಲಿರುವಾಗ ಅವನನ್ನು ಬಿಡುವ ಆಫ್ಟರ್ ಸ್ಕೂಲ್‌ಗೆ ಕಟ್ಟಿದ್ದರಲ್ಲಿ 3,000ದವರೆಗೆ 20%, ಅಂದರೆ 600 ಕಳೆಯಿರಿ (ಆಫ್ಟರ್ ಸ್ಕೂಲ್‌ನವರ ತೆರಿಗೆ ನಂಬರ್ ಕೇಳಿ ಇಟ್ಟುಕೊಳ್ಳಿ). ಕೊನೆಗೆ 3,385. ಇದೇ ಲೆಕ್ಕ ‘ಸಿಂಗಲ್’ನಲ್ಲಿ ಹಾಕಿದ್ದರೆ 5,800ರ ಆಸುಪಾಸು.

ಅಪ್ಪನಿಗೆ ಕ್ರೆಡಿಟ್ ಸಿಗಬೇಕಾದರೆ ನೀವು ಫಾರ್ಮ್ 8332ಕ್ಕೆ ಸಹಿ ಹಾಕಿಕೊಡಬೇಕು. ಕೋರ್ಟಿನ ಆದೇಶದ ಪ್ರತಿ ಅದರ ಬದಲಿಗೆ ನಡೆಯುವುದಿಲ್ಲ. ಸಹಿ ಹಾಕಿದರೂ ಅವರಿಗೆ ಹೋಗುವುದು 2,200 ಮಾತ್ರ. ಹೆಡ್ ಆಫ್ ಹೌಸ್‌ಹೋಲ್ಡ್ ಮತ್ತು ಆಫ್ಟರ್ ಸ್ಕೂಲ್‌ನ ಕ್ರೆಡಿಟ್ ನಿಮ್ಮ ಬಳಿಯೇ ಉಳಿಯುತ್ತವೆ. ಕೊಡುವುದಾದರೆ ಒಂದೇ ವರ್ಷಕ್ಕೆ ಕೊಡಿ, ‘ಮುಂದಿನ ಎಲ್ಲ ವರ್ಷಗಳು’ ಎಂಬ ಭಾಗ ತುಂಬಬೇಡಿ. ಮಗನಿಗಾಗಿ ಅವರು ಕೊಡುವ ಹಣ ನಿಮ್ಮ ಆದಾಯವಲ್ಲ.

ಪ್ರಶ್ನೆ: ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳಿಗೆ 500 ಡಾಲರ್ ಕಳಿಸುತ್ತೇನೆ. ಅವರನ್ನು ಡಿಪೆಂಡೆಂಟ್ ಎಂದು ತೋರಿಸಬಹುದೇ? — ಎಡಿಸನ್, ನ್ಯೂಜೆರ್ಸಿ

ಉತ್ತರ: ಇಲ್ಲ. ಡಿಪೆಂಡೆಂಟ್ ಆದವರು ಅಮೆರಿಕದ ಪ್ರಜೆ ಅಥವಾ ರೆಸಿಡೆಂಟ್ ಆಗಿರಬೇಕು, ಇಲ್ಲವೇ ಕೆನಡಾ, ಮೆಕ್ಸಿಕೋದಲ್ಲಿ ವಾಸವಿರಬೇಕು. ಹಾಸನ ಆ ಪಟ್ಟಿಯಲ್ಲಿಲ್ಲ. ಕಳಿಸಿದ ಹಣ ನಿಮ್ಮ ಆದಾಯದಿಂದಲೂ ಕಳೆಯುವುದಿಲ್ಲ. ಮುಂದೆ ಅವರು ಗ್ರೀನ್ ಕಾರ್ಡ್ ಪಡೆದು ನಿಮ್ಮ ಆಶ್ರಯದಲ್ಲಿದ್ದರೆ ಒಬ್ಬೊಬ್ಬರಿಗೆ 500 ಸಿಗಬಹುದು, ಆದರೆ ಅವರ ಸ್ವಂತ ಆದಾಯ 2025ರ ಮಿತಿಯಂತೆ 5,200 ಡಾಲರ್‌ಗಿಂತ ಕಡಿಮೆ ಇರಬೇಕು. ಅಪ್ಪನ ಪೆನ್ಷನ್ ಇದರಲ್ಲಿ ಸೇರುತ್ತದೆ.

ಪ್ರಶ್ನೆ: ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಇಲ್ಲಿ ತೋರಿಸಬೇಕೇ? — ನೇಪರ್‌ವಿಲ್, ಇಲಿನಾಯ್

ಉತ್ತರ: ತೋರಿಸಬೇಕು, ಪೂರ್ತಿ ಬಡ್ಡಿಗೆ ತೆರಿಗೆ ಕಟ್ಟಬೇಕು. ಎನ್‌ಆರ್‌ಒ ಖಾತೆಯಲ್ಲಿ (ಭಾರತದಲ್ಲಿನ ಗಳಿಕೆ ಇಡುವ ಅನಿವಾಸಿ ಖಾತೆ) ಬ್ಯಾಂಕ್ 30% ಮೀರಿ ಟಿಡಿಎಸ್ ಹಿಡಿದಿದ್ದರೂ ಇಲ್ಲಿ ಅಷ್ಟಕ್ಕೂ ಕ್ರೆಡಿಟ್ ಕೇಳಬೇಡಿ. ಎರಡು ದೇಶಗಳ ಒಪ್ಪಂದದ ಪ್ರಕಾರ ಬಡ್ಡಿ ಮೇಲೆ ಭಾರತ ಹಾಕಬಹುದಾದ್ದು 15%. ಅದಕ್ಕಿಂತ ಹೆಚ್ಚು ಹಿಡಿದದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಭಾರತದ ಎಲ್ಲ ಖಾತೆಗಳ ಗರಿಷ್ಠ ಮೊತ್ತಗಳನ್ನು ಕೂಡಿಸಿದರೆ ವರ್ಷದ ಯಾವುದಾದರೂ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಕೂಡ ಸಲ್ಲಿಸಬೇಕು. ಅಪ್ಪನ ಜೊತೆ ಜಂಟಿ ಖಾತೆ ಇದ್ದರೆ ಅದರ ಪೂರ್ತಿ ಮೊತ್ತ ನಿಮ್ಮ ಲೆಕ್ಕಕ್ಕೆ.

ಪ್ರಶ್ನೆ: ಎಫ್-1 ವಿದ್ಯಾರ್ಥಿ, ಬಂದು ಎರಡು ವರ್ಷ. ಅಸಿಸ್ಟೆಂಟ್‌ಶಿಪ್‌ನಿಂದ 24,000. ಮಾಮೂಲಿ ಸಾಫ್ಟ್‌ವೇರ್‌ನಲ್ಲಿ 1040 (ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್) ಹಾಕಿಬಿಟ್ಟೆ. — ಓದುಗ, ಅರಿಜೋನಾ

ಉತ್ತರ: 1040-ಎಕ್ಸ್ ಮೂಲಕ ತಿದ್ದಬೇಕು. ಎಫ್-1ನ ಮೊದಲ ಐದು ಕ್ಯಾಲೆಂಡರ್ ವರ್ಷ ನೀವು ನಾನ್‌ರೆಸಿಡೆಂಟ್, ಹಾಕಬೇಕಾದ್ದು 1040-ಎನ್‌ಆರ್ ಮತ್ತು ಜೊತೆಗೆ ಫಾರ್ಮ್ 8843. ನಾನ್‌ರೆಸಿಡೆಂಟ್‌ಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ಭಾರತದ ವಿದ್ಯಾರ್ಥಿಗೆ ಇದೆ. 24,000ದಲ್ಲಿ 15,750 ಹೋಗಿ 8,250, ತೆರಿಗೆ 830ರೊಳಗೆ. ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಹಿಡಿದಿದ್ದಾರೆಯೇ ಎಂದೂ ಡಬ್ಲ್ಯು-2ರ ನಾಲ್ಕನೇ ಮತ್ತು ಆರನೇ ಬಾಕ್ಸ್ ನೋಡಿ. ಹಿಡಿಯುವ ಹಾಗಿರಲಿಲ್ಲ. ಮೊದಲು ವಿಶ್ವವಿದ್ಯಾಲಯದ ಪೇರೋಲ್‌ನವರನ್ನು ಕೇಳಿ, ಹಿಡಿದದ್ದನ್ನು ಅವರು ವಾಪಸ್ ಕೊಡದಿದ್ದರೆ ಐಆರ್‌ಎಸ್‌ಗೆ ಫಾರ್ಮ್ 843 ಹಾಕಿ.